ಕಲ್ಲೆಣ್ಣೆ ಎಂದು ಹೇಳಿದವನು

ಕೆಂಗೇರಿ
೯ ಜುಲೈ ೧೯೮೪

ಮಾನ್ಯ ಪಂಚಾಕ್ಷರಿ ಮೇಷ್ಟರಿಗೆ,

ಕೆಂಗೇರಿಯ ದೊಡ್ಡಹನುಮಯ್ಯ ಮಾಡುವ ನಮಸ್ಕಾರಗಳು. ಹೆಸರು ನಿಮಗೆ ನೆನಪಿರಲಾರದು. ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗಿಲ್ಲದ ಕಾರಣ ಬರೆಯುತ್ತಿಲ್ಲ.

೧೯೬೮ರ ಬೇಸಿಗೆಯಲ್ಲಿ ನೀವು ನಮ್ಮ ಊರಿನ ಎಂಜಿನ್ ಶೆಡ್ಡಿಗೆ ಮೂರು ದಿನ ಬಂದಿದ್ದಿರಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು, ಪದಕೋಶ ಸಮಿತಿಯ ಕಾರ್ಯದರ್ಶಿಗಳು ಎಂದು ಪರಿಚಯಿಸಿಕೊಂಡಿರಿ. ಬಾವಿಯ ಪಂಪಿನ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಿದ್ದವರು ನಾವಿಬ್ಬರು, ನಾನು ಮತ್ತು ಮುನಿಯಪ್ಪ. ಎಂಜಿನ್ನಿಗೆ ಹುಯ್ಯುವ ಎಣ್ಣೆಯನ್ನು ನಾವು ಕ್ರೂಡಾಯಿಲ್ ಎನ್ನುತ್ತಿದ್ದೆವು. ಅದು ನಿಜವಾದ ಕ್ರೂಡ್ ಅಲ್ಲ, ಶುದ್ಧಿ ಮಾಡಿದ ಕೆಳದರ್ಜೆಯ ಡೀಸೆಲ್ ಎಂದು ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತಿಳಿಸಿದಿರಿ. ಆಮೇಲೆ ಮುನಿಯಪ್ಪನನ್ನು ಕೇಳಿದಿರಿ, ಭೂಮಿಯಿಂದ ಬಂದದ್ದು ಬಂದ ಹಾಗೇ ಇದ್ದರೆ ಅದಕ್ಕೆ ಏನನ್ನುತ್ತೀಯಪ್ಪ ಎಂದು. ಅವನು ಕೈ ಒರೆಸಿಕೊಳ್ಳುತ್ತಲೇ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. "ಕಲ್ಲಿಂದ ಬಂದ್ರೆ ಕಲ್ಲೆಣ್ಣೆ. ಇನ್ನೂ ಬೇಯ್ಸಿಲ್ಲ ಅಂದ್ರೆ ಹಸೀ ಕಲ್ಲೆಣ್ಣೆ. ಅದ್ರಲ್ಲೇನಿದೆ ಸಾಮಿ ಯೋಚ್ನೆ ಮಾಡಕ್ಕೆ?" ನೀವು ನಕ್ಕಿರಿ. ಒಂದೊಂದು ಮಾತನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಕೆಳಗೆ ಹೇಳಿದವರ ಹೆಸರು, ಊರು, ತಾರೀಖು ಹಾಕಿದಿರಿ. ಪುಸ್ತಕ ಅಚ್ಚಾದಾಗ ಒಂದು ಪ್ರತಿ ಕಳಿಸುತ್ತೇನೆ ಎಂದಿರಿ. ಬರಲಿಲ್ಲ. ಅದಕ್ಕಾಗಿ ಈ ಕಾಗದ ಬರೆಯುತ್ತಿಲ್ಲ.

ಈಗ ನಾವಿಬ್ಬರೂ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಎರಕದ ಕಾರ್ಖಾನೆಯಲ್ಲಿ ಎಣ್ಣೆ ಕುಲುಮೆ ನೋಡಿಕೊಳ್ಳುತ್ತೇವೆ. ಹದಿಮೂರು ವರ್ಷವಾಯಿತು. ಮೊದಲು ಕುಲುಮೆಯವರನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರರೇ ಬರುತ್ತಿದ್ದರು. ಎದುರಿಗೆ ನಿಂತು ಉರಿ ಹಚ್ಚಿಸಿ, ನಾಲ್ಕು ಪ್ರಶ್ನೆ ಕೇಳಿ ಹೋಗುತ್ತಿದ್ದರು. ಈಗ ಬರವಣಿಗೆಯ ಪರೀಕ್ಷೆ, ಅದೂ ಕನ್ನಡದಲ್ಲಿ. ಎಂಬತ್ತೆರಡರಲ್ಲಿ ಕನ್ನಡಕ್ಕಾಗಿ ಮೆರವಣಿಗೆ ಆದಾಗ ನಾನೂ ಮುನಿಯಪ್ಪನೂ ಶಿಫ್ಟು ಬಿಟ್ಟು ನಡೆದವರು. ಆದ್ದರಿಂದ ಸಂತೋಷವೇ ಪಟ್ಟೆವು.

ನನಗೆ ಓದುವ ಚಟವಿದೆ. ವಿಜಯನಗರದ ಲೈಬ್ರರಿಯಲ್ಲಿ ಕೂತು ಹೇಗೋ ಪಾಸಾದೆ. ಮುನಿಯಪ್ಪ ಓದಿದ್ದು ನಾಲ್ಕನೇ ಕ್ಲಾಸು. ಎರಡು ಸಲ ಫೇಲಾದ. ಬರುವ ಮಾರ್ಚಿನಲ್ಲಿ ಮೂರನೆಯದು. ಅದೇ ಕೊನೆಯದು. ಅದೂ ಹೋದರೆ ಕುಲುಮೆಯಿಂದ ತೆಗೆದು ಗೇಟು ಕಾಯಲು ಹಾಕುತ್ತಾರೆ.

ಅವನಿಗೆ ಬಂದ ಪ್ರಶ್ನೆಯನ್ನು ಇಲ್ಲಿ ಇಳಿಸಿದ್ದೇನೆ: "ಅಪರಿಷ್ಕೃತ ಶಿಲಾತೈಲದ ಆಂಶಿಕ ಆಸವನದಲ್ಲಿ ಉಳಿಯುವ ಅವಶೇಷದ ಸ್ನಿಗ್ಧತೆಯನ್ನು ದಹನಪೂರ್ವದಲ್ಲಿ ತಗ್ಗಿಸುವ ಕ್ರಮವನ್ನು ವಿವರಿಸಿ." ಅಂದರೆ, ಉರಿಸುವ ಮುಂಚೆ ಗಸಿ ಎಣ್ಣೆಯನ್ನು ಹೇಗೆ ಬಿಸಿ ಮಾಡುತ್ತೀಯಪ್ಪ ಎಂದು. ಹದಿಮೂರು ವರ್ಷದಿಂದ ದಿನಾ ಬೆಳಿಗ್ಗೆ ಅವನು ಮಾಡುವ ಮೊದಲ ಕೆಲಸ ಅದು. ಉತ್ತರದ ಜಾಗವನ್ನು ಖಾಲಿ ಬಿಟ್ಟು ಬಂದ.

ಪ್ರಶ್ನೆಪತ್ರಿಕೆಯ ಕೊನೆಯಲ್ಲಿ, ಪದಗಳಿಗೆ ಇಂಥ ಪದಕೋಶ ಆಧಾರ ಎಂದು ನಿಮ್ಮ ಸಮಿತಿಯ ಹೆಸರಿದೆ. ಮುನಿಯಪ್ಪ ಮೂರು ದಿನ ಕೂತು ಹೇಳಿದ ಮಾತುಗಳು ಎಲ್ಲಿ ಹೋದವು ಎಂದು ತಿಳಿಸಬೇಕಾಗಿ ಕೋರುತ್ತೇನೆ.

ಇತಿ,
ದೊಡ್ಡಹನುಮಯ್ಯ


ವಿಜಯನಗರ
೩೦ ಜುಲೈ ೧೯೮೪

ಶ್ರೀ ದೊಡ್ಡಹನುಮಯ್ಯನವರಿಗೆ ಪಂಚಾಕ್ಷರಿಯ ಶರಣು.

ನಿಮ್ಮ ಪತ್ರ ತಲುಪಿತು. ನಿಮ್ಮಿಬ್ಬರನ್ನೂ ಮರೆತಿಲ್ಲ. ಪುಸ್ತಕ ಕಳಿಸದಿದ್ದುದು ತಪ್ಪು. ಬೇರೆ ಅಂಚೆಯಲ್ಲಿ ಒಂದು ಪ್ರತಿ ಕಳಿಸಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ ಹೇಳಬೇಕು. ನಿವೃತ್ತನಾಗಿ ಎಂಟು ವರ್ಷವಾದರೂ ಮೇಷ್ಟರ ಅಭ್ಯಾಸ ಹೋಗಿಲ್ಲ, ಸ್ವಲ್ಪ ಉದ್ದವಾದರೆ ಸಹಿಸಿ. ಪೆಟ್ರೋಲಿಯಂ ಎಂಬ ಮಾತು ಲ್ಯಾಟಿನ್ನಿನದು. ಅದರ ಅರ್ಥ ಕಲ್ಲಿನ ಎಣ್ಣೆ, ಅಷ್ಟೇ. ಶಿಲಾತೈಲ ಎಂದರೂ ಅದೇ. ಮುನಿಯಪ್ಪ ಹೇಳಿದ ಕಲ್ಲೆಣ್ಣೆಯೂ ಅದೇ. ಭೂಮಿಯಿಂದ ಬಂದ ಸ್ಥಿತಿಯಲ್ಲೇ ಇರುವ ದ್ರವಕ್ಕೆ ಪತ್ರಿಕೆಗಳವರು ಕಚ್ಚಾ ತೈಲ ಎಂದರು. ಎಪ್ಪತ್ತಮೂರರಲ್ಲಿ ಅರಬ್ ದೇಶಗಳವರು ಬೆಲೆ ಏರಿಸಿದಾಗ ಆ ಮಾತು ಮನೆಮಾತಾಯಿತು. ಕಚ್ಚಾ ಎನ್ನುವುದು ಹಿಂದಿಯಿಂದ ಬಂದದ್ದು ಎಂದು ನಮ್ಮ ಸಮಿತಿ ಅದನ್ನು ಒಪ್ಪದೆ ಅಪರಿಷ್ಕೃತ ಎಂದು ಮಾಡಿತು. ಹಸಿ ಎಂದರೆ ಒದ್ದೆ ಎಂದು ತಿಳಿದಾರು ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಇನ್ನು ಸೀಮೆಎಣ್ಣೆ ಎಂದು ನೀವು ಹೇಳುವುದನ್ನು ರಾಣೆಬೆನ್ನೂರಿನ ನನ್ನ ಹೆಂಡತಿ ಗಿರಿಜಾದೇವಿ ಇಂದಿಗೂ ಚಿಮಣಿ ಎಣ್ಣೆ ಎನ್ನುತ್ತಾಳೆ. ನಿಮ್ಮ ಕಾರ್ಖಾನೆಯ ತಮಿಳರು ಮಣ್ಣೆಣ್ಣೆ ಎನ್ನುತ್ತಿರಬಹುದು. ಹೀಗೆ ಊರಿಗೊಂದು ಮಾತಿದ್ದರೆ ಪರೀಕ್ಷೆ ನಡೆಸುವುದು ಹೇಗೆ? ಎಲ್ಲರಿಗೂ ಒಂದೇ ಮಾತಿರಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ಅದು ಕೆಟ್ಟ ಉದ್ದೇಶವಲ್ಲ.

ಪದಗಳು ಹೆಚ್ಚೇನಿಲ್ಲ, ನಲವತ್ತು ಇರಬಹುದು. ಮಾರ್ಚಿಗೆ ಇನ್ನೂ ಏಳೆಂಟು ತಿಂಗಳಿದೆ. ನೀವೇ ಮುನಿಯಪ್ಪನಿಗೆ ಹೇಳಿಕೊಡಿ.

ನಿಮ್ಮ ವಿಶ್ವಾಸಿ,
ಪಂಚಾಕ್ಷರಿ


ಕೆಂಗೇರಿ
೧೯ ಆಗಸ್ಟ್ ೧೯೮೪

ಮಾನ್ಯ ಮೇಷ್ಟರಿಗೆ ನಮಸ್ಕಾರಗಳು.

ಪುಸ್ತಕ ಬಂತು. ಇನ್ನೂರ ಹದಿನಾಲ್ಕು ಪುಟ. ಮೊದಲಿನಿಂದ ಕೊನೆಯವರೆಗೆ ಓದಿದೆ, ಕಾದಂಬರಿ ಓದಿದ ಹಾಗೆ. ಕಲ್ಲೆಣ್ಣೆ ಇಲ್ಲ. ಗಸಿ ಇಲ್ಲ. ಮಂದ ಇಲ್ಲ. ಭಟ್ಟಿ ಇಳಿಸು ಎಂಬುದೂ ಇಲ್ಲ. ಅದು ಸಾರಾಯಿಯವರ ಮಾತಾಯಿತು ಎಂದು ಬಿಟ್ಟಿರಬೇಕು.

ಊಟದ ಹೊತ್ತಿನಲ್ಲಿ ಪುಸ್ತಕದ ಮಾತುಗಳನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಗು. ಅವಶೇಷ ಎಂದಾಗ ಮುನಿಯಪ್ಪ ತುತ್ತು ಕೈಯಲ್ಲೇ ಹಿಡಿದು ಹೇಳಿದ, "ದೊಡ್ಡಣ್ಣ, ನಾಳೆ ಬೆಳಿಗ್ಗೆ ಫೋರ್‌ಮನ್ ಹತ್ರ ಹೋಗಿ, ಸಾರ್ ಅವಶೇಷ ಬಿಸಿಯಾಯ್ತು ಅಂತೀನಿ. ಯಾರೋ ತೀರ್ಕೊಂಡ್ರು ಅಂದ್ಕೊಂಡು ರಜಾ ಕೊಟ್ಬಿಡ್ತಾರೆ." ಫೋರ್‌ಮನ್ ವೆಂಕಟಗಿರಿಯೂ ಅಲ್ಲೇ ಇದ್ದರು, ಅವರೂ ನಕ್ಕರು. ಆಮೇಲೆ ಮುನಿಯಪ್ಪ ನಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದು ಕುಲುಮೆಯ ಹತ್ತಿರ ಹೋದ.

ನಿಮಗೆ ಅವನ ಕೆಲಸ ಗೊತ್ತಿಲ್ಲ, ಹೇಳುತ್ತೇನೆ. ಕುಲುಮೆಗೆ ಬರುವುದು ಕಲ್ಲೆಣ್ಣೆಯಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲು ಎಲ್ಲ ತೆಗೆದ ಮೇಲೆ ಉಳಿದ ಕಪ್ಪು ಗಸಿ. ಬೆಳಗಿನ ಚಳಿಗೆ ಅದು ಬೆಲ್ಲದ ಪಾಕದಂತೆ ಆಗಿರುತ್ತದೆ. ಹಾಗೇ ಬಿಟ್ಟರೆ ಬರ್ನರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನ ಹೀಟರಿಗೆ ಮೀಟರಿದೆ, ಆದರೆ ಅದು ಕೆಟ್ಟು ಎಷ್ಟೋ ಕಾಲವಾಯಿತು. ಮುನಿಯಪ್ಪ ಒಂದು ಕಡ್ಡಿ ಅದ್ದಿ ಎತ್ತುತ್ತಾನೆ. ಎಳೆ ಕಡಿಯದೆ ಬಂದರೆ ಇನ್ನೂ ಮಂದ. ತೊಟ್ಟು ತೊಟ್ಟಾಗಿ ಬಿದ್ದರೆ ಸರಿ. ಹೊಸದಾಗಿ ಬಂದ ಲಾರಿಯ ಎಣ್ಣೆಯಲ್ಲಿ ನೀರು ಬೆರೆತಿದೆಯೇ ಎಂದು ಉರಿಯ ಸದ್ದು ಕೇಳಿಯೇ ಹೇಳುತ್ತಾನೆ. ಇಷ್ಟು ಗೊತ್ತಿರುವವನಿಗೆ ಕನ್ನಡ ಬರುವುದಿಲ್ಲ ಎಂದು ನಾವೀಗ ಕನ್ನಡದಲ್ಲಿ ಹೇಳುತ್ತಿದ್ದೇವೆ. ಇಂಗ್ಲಿಷಿನವರು ಇದ್ದಾಗಲೂ ಈ ಅವಮಾನ ಆಗಿರಲಿಲ್ಲ. ಅವರ ಮಾತು ತಿಳಿಯದಿದ್ದರೆ ಅದು ಅವರ ಮಾತು ಎಂಬ ಸಮಾಧಾನವಾದರೂ ಇತ್ತು.

ಎಲ್ಲರಿಗೂ ಒಂದೇ ಮಾತು ಬೇಕು ಎಂದಿರಿ. ಒಪ್ಪಿದೆ. ಆ ಒಂದು ಮಾತು ಗೊತ್ತಿರುವವನದ್ದೇ ಯಾಕೆ ಆಗಬಾರದಿತ್ತು? ನಿಮ್ಮ ಮುನ್ನುಡಿಯಲ್ಲಿ ಒಂದು ಸಾಲಿದೆ: "ಈ ವಿಷಯದಲ್ಲಿ ಬಳಕೆಯ ಕನ್ನಡ ಪದಗಳು ದೊರೆಯದ ಕಾರಣ ಹೊಸ ಪದಗಳನ್ನು ರಚಿಸಲಾಗಿದೆ." ಕೆಳಗೆ ನಿಮ್ಮ ಹೆಸರು. ದೊರೆಯದ ಕಾರಣ. ಮೂರು ದಿನ ನಮ್ಮ ಶೆಡ್ಡಿನಲ್ಲಿ ಚಹಾ ಕುಡಿದಿರಿ ಮೇಷ್ಟರೇ.

ನಿಮ್ಮಿಂದ ಒಂದೇ ಬೇಡಿಕೆ. ಪ್ರಶ್ನೆಯಲ್ಲಿ ನಿಮ್ಮ ಪದದ ಪಕ್ಕ ನಮ್ಮ ಪದವನ್ನೂ ಹಾಕಬೇಕು, ಇಲ್ಲವೇ ಹಿಂದಿನ ಹಾಗೆ ಬಾಯಲ್ಲಿ ಕೇಳಬೇಕು ಎಂದು ಪರೀಕ್ಷಾ ಮಂಡಳಿಗೆ ಬರೆಯಿರಿ. ನಾನು ಬರೆದರೆ ಅದು ಕಸದ ಬುಟ್ಟಿಗೆ.

ದೊಡ್ಡಹನುಮಯ್ಯ


ವಿಜಯನಗರ
೨ ಡಿಸೆಂಬರ್ ೧೯೮೪

ದೊಡ್ಡಹನುಮಯ್ಯನವರೇ,

ಇಷ್ಟು ತಡವಾದದ್ದಕ್ಕೆ ಕಾರಣ ಬರೆಯಬೇಕು. ಸಮಿತಿ ಮುಚ್ಚಿದ ಮೇಲೆ ಆ ಚೀಟಿಗಳೆಲ್ಲ ನನ್ನ ಮನೆಯ ಅಟ್ಟದಲ್ಲಿವೆ, ಐದು ಬಿಸ್ಕತ್ತಿನ ಡಬ್ಬಗಳಲ್ಲಿ. ಅಟ್ಟ ಹತ್ತಲು ನನಗೆ ಮೂರು ತಿಂಗಳು ಬೇಕಾಯಿತು. ಏಣಿ ಇರಲಿಲ್ಲ ಎಂದು ಬರೆಯಬಹುದಿತ್ತು. ಏಣಿ ಇತ್ತು.

ಮಂಡಳಿಗೆ ನಾನು ಸೆಪ್ಟೆಂಬರಿನಲ್ಲೇ ಬರೆದೆ. ಕಾರ್ಮಿಕರಲ್ಲಿ ಇಂಥ ಪದಗಳು ಬಳಕೆಯಲ್ಲಿದ್ದವು ಎನ್ನುವುದಕ್ಕೆ ಆ ಕಾಲದ ಲಿಖಿತ ದಾಖಲೆ ಬೇಕು, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ, ಎಂದು ಉತ್ತರ ಬಂತು. ದಾಖಲೆ ನನ್ನ ತಲೆಯ ಮೇಲೆಯೇ ಇತ್ತು. ಆದರೂ ತೆಗೆಯಲು ಹೆದರಿದೆ, ಯಾಕೆಂದರೆ ಅದರಲ್ಲಿ ಏನು ಮಾಡಿದ್ದೇವೆ ಎಂದು ನನಗೆ ಗೊತ್ತಿತ್ತು.

ಪದಕೋಶದ ಕೊನೆಯ ಕೆಲಸ ನಡೆದದ್ದು ಎಪ್ಪತ್ತಮೂರು, ಎಪ್ಪತ್ತನಾಲ್ಕರಲ್ಲಿ. ಆಗ ಕಾಗದಕ್ಕೆ ಬರ. ಕಚೇರಿಯಿಂದ ಹೊಸ ಚೀಟಿ ಕೊಡಲಿಲ್ಲ. ಸಭೆ ತಿರಸ್ಕರಿಸಿದ ಪದಗಳ ಚೀಟಿಗಳು ರಾಶಿ ಬಿದ್ದಿದ್ದವು. ಅವುಗಳ ಹಿಂಬದಿ ಖಾಲಿ ಇತ್ತು. ಒಪ್ಪಿದ ಪದಗಳನ್ನು ಅಲ್ಲಿ ಬರೆಯಿರಿ ಎಂದು ಹೇಳಿದವನು ನಾನೇ. ಒಂದು ಹಾಳೆಯೂ ದಂಡವಾಗಬಾರದು ಎಂಬ ಹೆಮ್ಮೆ ಬೇರೆ. ಮೊನ್ನೆ ಕೆಳಗಿಳಿಸಿ ನೋಡಿದೆ. ಒಂದು ಮುಖದಲ್ಲಿ "ಅಪರಿಷ್ಕೃತ ಶಿಲಾತೈಲ, ಅಂಗೀಕೃತ." ತಿರುಗಿಸಿದರೆ ನನ್ನದೇ ಅಕ್ಷರದಲ್ಲಿ "ಹಸಿ ಕಲ್ಲೆಣ್ಣೆ. ಹೇಳಿದವರು: ಮುನಿಯಪ್ಪ, ಎಂಜಿನ್ ಶೆಡ್, ಕೆಂಗೇರಿ. ೧೬-೪-೬೮." ಅವಶೇಷದ ಹಿಂದೆ ಗಸಿ. ಸ್ನಿಗ್ಧತೆಯ ಹಿಂದೆ ಮಂದ. ಹೀಗೆ ಮೂವತ್ತೊಂದು ಚೀಟಿ. ಇಪ್ಪತ್ತಾರರಲ್ಲಿ ಮುನಿಯಪ್ಪನ ಹೆಸರು, ಐದರಲ್ಲಿ ನಿಮ್ಮದು.

ಹಸಿ ಎಂಬುದಕ್ಕಾದರೂ ಒಂದು ಆಕ್ಷೇಪ ಬಂದಿತ್ತು. ಕಲ್ಲೆಣ್ಣೆ ಎಂದು ನಾನು ಸಭೆಯಲ್ಲಿ ಓದಿದಾಗ ಒಬ್ಬರು ನಕ್ಕರು. ಅಷ್ಟೇ ನಡೆದದ್ದು. ವಾದ ಆಗಲಿಲ್ಲ, ಮತ ಹಾಕಲಿಲ್ಲ. ಅವರು ನಕ್ಕರು, ನಾನೂ ಜೊತೆಗೆ ನಕ್ಕು ಮುಂದಿನ ಚೀಟಿ ತೆಗೆದೆ.

ಮೂವತ್ತೊಂದು ಚೀಟಿಗಳನ್ನೂ ನಿನ್ನೆ ಮಂಡಳಿಗೆ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ಮುನ್ನುಡಿಯ ಆ ಸಾಲು ಸುಳ್ಳು, ಬರೆದವನು ನಾನು, ಎಂದು ಮೇಲೊಂದು ಕಾಗದ ಇಟ್ಟಿದ್ದೇನೆ. ನಕಲು ಇದರೊಂದಿಗಿದೆ. ಮುನಿಯಪ್ಪನಿಗೆ ಓದಿ ಹೇಳಿ.

ಪಂಚಾಕ್ಷರಿ


ಕೆಂಗೇರಿ
೧೬ ಡಿಸೆಂಬರ್ ೧೯೮೪

ಮೇಷ್ಟರಿಗೆ ನಮಸ್ಕಾರ.

ಓದಿ ಹೇಳಿದೆ. ಎರಡು ಸಲ ಓದಿಸಿದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಇಪ್ಪತ್ತಾರು ನಂದಾ?" ಎಂದ. ಹೌದು ಎಂದೆ. "ಹಂಗಾದ್ರೆ ಆವತ್ತು ನಂಗೆ ಗೊತ್ತಿತ್ತು ಅಂತಾಯ್ತು. ನಾನು ದಡ್ಡ ಅಂತ ಮನೇಲಿ ಎಲ್ರಿಗೂ ಹೇಳ್ಬಿಟ್ಟಿದೀನಲ್ಲಣ್ಣ."

ನಕಲಿನ ಕಾಗದವನ್ನು ಮನೆಗೆ ತೆಗೆದುಕೊಂಡು ಹೋದ. ಹೆಂಡತಿ ರಾಮಕ್ಕನಿಗೆ ತೋರಿಸಬೇಕಂತೆ.

ನಲವತ್ತು ಪದಗಳನ್ನು ನಾನು ಹೇಳಿಕೊಡುತ್ತಲೇ ಇದ್ದೇನೆ, ಮಂಡಳಿಯನ್ನು ನಂಬಿ ಕೂರಲಾಗುವುದಿಲ್ಲ. ಸೋಮವಾರ ಹತ್ತು ಕಲಿತರೆ ಬುಧವಾರಕ್ಕೆ ಆರು ಉಳಿದಿರುತ್ತವೆ. ಐವತ್ತರ ಹತ್ತಿರ ಬಂದಿದ್ದಾನೆ. ಕಣ್ಣೂ ಕುಲುಮೆಯ ಬೆಳಕಿಗೆ ಸೋತಿದೆ. ಸ್ನಿಗ್ಧತೆ ಎಂದು ಬರೆಯುವಷ್ಟರಲ್ಲಿ ಬೆವರುತ್ತಾನೆ. ನಾನು ಜೋರು ಮಾಡುತ್ತೇನೆ. ಆಮೇಲೆ ಮನೆಗೆ ಬಂದು ಊಟ ಸೇರುವುದಿಲ್ಲ.

ನೀವು ಬರೆದ ಕಾಗದ ಸುಲಭದ್ದಲ್ಲ. ಅದು ನನಗೆ ತಿಳಿದಿದೆ.

ದೊಡ್ಡಹನುಮಯ್ಯ


ವಿಜಯನಗರ
೨೧ ಫೆಬ್ರವರಿ ೧೯೮೫

ದೊಡ್ಡಹನುಮಯ್ಯನವರೇ,

ಮಂಡಳಿಯ ಉತ್ತರ ಬಂದಿದೆ. ಚೀಟಿಗಳನ್ನು ಹಿಂದಿರುಗಿಸಿದ್ದಾರೆ. ಒಕ್ಕಣೆಯನ್ನು ಹಾಗೇ ಇಳಿಸುತ್ತೇನೆ, ನನ್ನ ಮಾತಿನಲ್ಲಿ ಹೇಳಲು ಮನಸ್ಸಿಲ್ಲ.

"ಸದರಿ ಪದಗಳು ಒಂದು ಕಾಲದಲ್ಲಿ ಬಳಕೆಯಲ್ಲಿದ್ದುದನ್ನು ಮಂಡಳಿ ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಾರ್ಖಾನೆಯ, ಅದೇ ಹುದ್ದೆಯ, ಅದೇ ಊರಿನ ಶ್ರೀ ದೊಡ್ಡಹನುಮಯ್ಯ ಎಂಬುವರು ಪ್ರಚಲಿತ ಪದಕೋಶದ ಆಧಾರದಲ್ಲೇ ಪರೀಕ್ಷೆ ಬರೆದು ತೇರ್ಗಡೆ ಹೊಂದಿರುವುದರಿಂದ, ಪದಗಳ ಕಾರಣಕ್ಕೆ ಅಭ್ಯರ್ಥಿಗಳಿಗೆ ತೊಂದರೆಯಾಗಿದೆ ಎಂಬ ವಾದಕ್ಕೆ ಆಧಾರ ಕಾಣುವುದಿಲ್ಲ."

ಬರೆದವನು ಜಾಣ. ಇದನ್ನು ನಿಮ್ಮಿಂದ ಮುಚ್ಚಿಡೋಣ ಎಂದು ಎರಡು ದಿನ ಮೇಜಿನ ಖಾನೆಯಲ್ಲಿಟ್ಟಿದ್ದೆ. ಗಿರಿಜಾದೇವಿ ಬಿಡಲಿಲ್ಲ. "ಅವ್ರ ಮಾತು ಒಮ್ಮೆ ಮುಚ್ಚಿಟ್ಟೀರಿ. ಮತ್ತೊಮ್ಮೆ ಬ್ಯಾಡ್ರಿ," ಎಂದಳು.

ಪತ್ರಿಕೆಗಳಿಗೂ ಬರೆದೆ. ಒಂದರಲ್ಲಿ ವಾಚಕರ ಪತ್ರಗಳ ಕೆಳಗೆ ಎಂಟು ಸಾಲು ಬಂತು. ಮುನ್ನುಡಿಯ ವಿಷಯವನ್ನು ತೆಗೆದುಬಿಟ್ಟಿದ್ದರು.

ಪರೀಕ್ಷೆ ಮಾರ್ಚಿ ಹತ್ತಕ್ಕೆ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ.

ಪಂಚಾಕ್ಷರಿ


ಕೆಂಗೇರಿ
೨೮ ಜುಲೈ ೧೯೮೫

ಮಾನ್ಯ ಮೇಷ್ಟರಿಗೆ,

ನಿಮ್ಮ ಎರಡು ಕಾರ್ಡುಗಳು ಬಂದವು. ಉತ್ತರ ಬರೆಯದಿದ್ದುದಕ್ಕೆ ಕೋಪ ಕಾರಣವಲ್ಲ. ಬರೆಯಲು ಕೂತರೆ ನನ್ನದೇ ಹೆಸರು ಮಂಡಳಿಯ ಕಾಗದದಲ್ಲಿ ಕಾಣುತ್ತಿತ್ತು. ನಾನು ಲೈಬ್ರರಿಯಲ್ಲಿ ಕೂತು ಗಳಿಸಿದ ಪಾಸು ಮುನಿಯಪ್ಪನ ಮೇಲೆ ಸಾಕ್ಷಿ ಹೇಳಿತು. ಇದಕ್ಕೆ ಯಾರನ್ನು ಬೈಯಬೇಕೋ ತಿಳಿಯದು. ಈ ದೇಶದಲ್ಲಿ ಬೈಗುಳಕ್ಕೆ ಸರಿಯಾದ ವಿಳಾಸ ಸಿಗುವುದು ಕಷ್ಟ.

ಮುನಿಯಪ್ಪನಿಗೆ ಮೂವತ್ತೆರಡು ಅಂಕ ಬಂತು. ಮೂವತ್ತೈದು ಬೇಕಿತ್ತು. ಜೂನ್ ಒಂದರಿಂದ ಗೇಟಿಗೆ ಹಾಕಿದರು. ಖಾಕಿ ಬಟ್ಟೆ, ಒಂದು ಸೀಟಿ. ಬೆಳಿಗ್ಗೆ ನಾನು ಒಳಗೆ ಹೋಗುವಾಗ ಎದ್ದು ನಿಲ್ಲುತ್ತಾನೆ. ಕೂತ್ಕೊಳೋ ಎಂದರೆ, "ರೂಲ್ಸ್ ಕಣಣ್ಣ," ಎನ್ನುತ್ತಾನೆ. ತಮಾಷೆಗೋ ನಿಜಕ್ಕೋ ಗೊತ್ತಾಗುವುದಿಲ್ಲ. ನಾನು ಈಗ ಹಿಂದಿನ ಬಾಗಿಲಿನಿಂದ ಹೋಗುತ್ತೇನೆ.

ಅವನ ಜಾಗಕ್ಕೆ ಪ್ಯಾಕಿಂಗ್‌ನಿಂದ ಬೈರಪ್ಪ ಎಂಬುವರು ಬಂದರು. ನಲವತ್ತು ದಾಟಿದ ಸಂಭಾವಿತ ಮನುಷ್ಯ. ಪರೀಕ್ಷೆಯಲ್ಲಿ ಎಪ್ಪತ್ತೆಂಟು ಅಂಕ. ನಿಮ್ಮ ಪುಸ್ತಕ ಪೂರ್ತಿ ಬಾಯಿಪಾಠ. ಮೊನ್ನೆ ಹದಿನಾರನೇ ತಾರೀಖು ನನಗೆ ಎರಡನೇ ಶಿಫ್ಟು. ಮೊದಲ ಶಿಫ್ಟಿಗೆ ಅವರೊಬ್ಬರೇ. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಚಳಿ. ಹೀಟರ್ ಹಾಕಿದರು, ಪುಸ್ತಕದಲ್ಲಿ ಇದ್ದಷ್ಟು ಹೊತ್ತು ಕಾದರು, ಮೀಟರ್ ನೋಡಿದರು. ಅದು ಸರಿ ಎಂದೇ ತೋರಿಸಿತು. ಅದು ಮೂರು ವರ್ಷದಿಂದ ಸರಿ ಎಂದೇ ತೋರಿಸುತ್ತಿದೆ. ಬರ್ನರ್ ಬಿಟ್ಟರು. ಒಂದು ಗಂಟೆ ಹೇಗೋ ಉರಿದು, ಆಮೇಲೆ ಎರಡು ಸಲ ಬುಸ್ ಎಂದು ಹೊಗೆ ಕಾರಿ ಆರಿತು. ಮೂರನೆಯ ಸಲ ಕಟ್ಟಿಕೊಂಡಿತು. ಕುಲುಮೆಯಲ್ಲಿ ಅರ್ಧ ಕರಗಿದ ಲೋಹ. ಆರಿದರೆ ಕುಲುಮೆಯನ್ನೇ ಒಡೆದು ತೆಗೆಯಬೇಕು.

ವೆಂಕಟಗಿರಿ ಮಳೆಯಲ್ಲೇ ಗೇಟಿಗೆ ಓಡಿದರಂತೆ. ಇದನ್ನೆಲ್ಲ ಬೈರಪ್ಪನವರೇ ಹೇಳಿದ್ದು. ಮುನಿಯಪ್ಪ ಬಂದ, ಖಾಕಿಯ ತೋಳು ಮಡಿಸಿದ, ಕಡ್ಡಿ ಕೇಳಿದ. ಅದ್ದಿ ಎತ್ತಿ ಬೈರಪ್ಪನವರಿಗೆ ತೋರಿಸಿದ. "ನೋಡಿ ಸಾರ್, ಎಳೆ ಹೆಂಗೆ ಬರ್ತಾ ಇದೆ. ಇನ್ನೂ ಮಂದ." ಬರ್ನರ್ ಬಿಚ್ಚಿ ಒರೆಸಿದ. ಎಣ್ಣೆ ತೊಟ್ಟಿಕ್ಕುವ ತನಕ ಬಿಸಿ ಮಾಡಿದ. ಉರಿ ಹಿಡಿಯಿತು. ಕೈ ತೊಳೆದು ಗೇಟಿಗೆ ವಾಪಸು ಹೋದ. ಒಟ್ಟು ನಲವತ್ತು ನಿಮಿಷ.

ಆ ನಲವತ್ತು ನಿಮಿಷದಲ್ಲಿ ಮ್ಯಾನೇಜರ ಕಾರು ಬಂದು, ಗೇಟು ತೆಗೆಯುವವರಿಲ್ಲದೆ ಮಳೆಯಲ್ಲಿ ನಿಂತಿತ್ತು. ಮಾರನೆಯ ದಿನ ಮುನಿಯಪ್ಪನಿಗೆ ಮೆಮೊ, ಕಾವಲು ಬಿಟ್ಟು ಹೋದದ್ದಕ್ಕೆ ಲಿಖಿತ ಸಮಜಾಯಿಷಿ ಕೊಡಬೇಕೆಂದು. ವೆಂಕಟಗಿರಿ ತಾನೇ ಕರೆದೆ ಎಂದು ಬಾಯಲ್ಲಿ ಹೇಳಿದರು. ಬರೆದುಕೊಡಲಿಲ್ಲ. ಸರ್ಟಿಫಿಕೇಟಿಲ್ಲದವನಿಂದ ಕುಲುಮೆ ಮುಟ್ಟಿಸಿದೆ ಎಂದು ಬರೆದರೆ ಅವರ ಕೆಲಸಕ್ಕೇ ಸಂಚಕಾರ. ಅವರಿಗೂ ಮಕ್ಕಳಿದ್ದಾರೆ.

ಮುನಿಯಪ್ಪ ಮೆಮೊ ಹಿಡಿದು ನಮ್ಮ ಮನೆಗೆ ಬಂದ. ನಾನು ನಿಮ್ಮ ಪುಸ್ತಕವನ್ನೂ ತೆಗೆದಿಟ್ಟುಕೊಂಡು ಕೂತೆ, ಆಫೀಸಿಗೆ ಹೋಗುವ ಕಾಗದ, ತೂಕವಾಗಿರಲಿ ಎಂದು. ನನಗೂ ಆ ರೋಗ ಅಂಟಿದೆ ನೋಡಿ. ಅವಶೇಷ ತೈಲದ ಸ್ನಿಗ್ಧತೆ ಎಂದು ಶುರು ಮಾಡಿದ್ದೆ. ಅವನು ಪೆನ್ನು ಕಿತ್ತುಕೊಂಡ. "ಬಿಡಣ್ಣ. ಫೇಲಾಗಿದ್ದಾಯ್ತಲ್ಲ. ಇನ್ನು ನಂಗೆ ಬಂದಂಗೆ ಬರೀತೀನಿ," ಎಂದ. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ, ಅವನೇ ಬರೆದ. "ಗಸಿ ಎಣ್ಣೆ ಮಂದ ಆಗಿತ್ತು. ಉರಿ ಆರುತಿತ್ತು. ಕರೆದರು. ಹೋದೆ. ಬಿಸಿ ಮಾಡಿದೆ. ಬಂದೆ. ಮುನಿಯಪ್ಪ."

ಆಫೀಸಿನಲ್ಲಿ ಮೂರು ಮೇಜು ದಾಟಿ ಮ್ಯಾನೇಜರ ಹತ್ತಿರ ಹೋಯಿತು. ಎರಡು ದಿನ ಸಸ್ಪೆಂಡ್ ಮಾಡಿದರು. ಅರ್ಥವಾಗಲಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ.

ಇತಿ,
ದೊಡ್ಡಹನುಮಯ್ಯ